ಆಫ್ ಮಾಡಿದ್ದೀರಾ? ನಿಜವಾಗಿ ಮಾಡಿದ್ದೀರಾ?

ಮನೆಯಲ್ಲಿ ಒಬ್ಬರಿಗೆ ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಸುದ್ದಿಯಾದರೆ ಸಾಕು, ಅವರ ಭಾನುವಾರಗಳೆಲ್ಲ ಬಳಗದ ಆಸ್ತಿ. ನಮ್ಮ ಕಡೆ ಆ ನತದೃಷ್ಟ ನಾನು. ಓದಿದ್ದು ಬೇರೆ, ಮಾಡುವ ಕೆಲಸ ಬೇರೆ. ಆದರೆ ಒಮ್ಮೆ ಯಾರದ್ದೋ ಡಿಲೀಟ್ ಆದ ಫೋಟೋಗಳನ್ನು ವಾಪಸ್ ತಂದುಕೊಟ್ಟೆ (ರಿಸೈಕಲ್ ಬಿನ್ ತೆರೆದೆ, ಅಷ್ಟೇ), ಅವತ್ತಿನಿಂದ ಎಲ್ಲರ ಬಾಯಲ್ಲೂ ನಾನು ಎಂಜಿನಿಯರ್.

ಈ ಎಂಜಿನಿಯರ್ ಹತ್ತಿರ ಇರುವುದು ಒಂದೇ ಮಂತ್ರ. ಆಫ್ ಮಾಡಿ, ಆನ್ ಮಾಡಿ. ದೊಡ್ಡ ದೊಡ್ಡ ಹೆಲ್ಪ್‌ಲೈನ್‌ಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವರು ಹೇಳುವುದೂ ಅದನ್ನೇ. ಅಲ್ಲಿ ದೂರು ಬರೆದುಕೊಂಡು ಅದಕ್ಕೊಂದು ಟಿಕೆಟ್ ನಂಬರ್ ಕೊಡುತ್ತಾರೆ, ಕಾಯುವಾಗ ಸಂಗೀತ ಹಾಕುತ್ತಾರೆ, ನಾನು ಎರಡೂ ಇಲ್ಲದೆ ಹೇಳುತ್ತೇನೆ. ಹಾಗಂತ ಮಂತ್ರ ಸುಳ್ಳಲ್ಲ. ದಿನಗಟ್ಟಲೆ ಓಡಿದ ಕಂಪ್ಯೂಟರಿನಲ್ಲಿ ಯಾವುದೋ ಪ್ರೋಗ್ರಾಂ ತೆಗೆದುಕೊಂಡ ಮೆಮೊರಿ ವಾಪಸ್ ಕೊಟ್ಟಿರುವುದಿಲ್ಲ, ಯಾವುದೋ ಡ್ರೈವರ್ (ಪ್ರಿಂಟರ್ ಥರದ ಸಾಧನಗಳನ್ನು ನಡೆಸುವ ಪ್ರೋಗ್ರಾಂ) ಮೊನ್ನೆಯಿಂದ ಹಟ ಹಿಡಿದು ಕೂತಿರುತ್ತದೆ, ಅಪ್‌ಡೇಟ್ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿರುತ್ತದೆ. ರೀಸ್ಟಾರ್ಟ್ ಅಂದರೆ ಎಲ್ಲರನ್ನೂ ಹೊರಗೆ ಕಳಿಸಿ ಒಬ್ಬೊಬ್ಬರನ್ನೇ ಮತ್ತೆ ಒಳಗೆ ಕರೆದ ಹಾಗೆ. ತಪ್ಪು ಯಾರದ್ದು ಅಂತ ವಿಚಾರಣೆಯೂ ಬೇಕಿಲ್ಲ.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದರು. ಮನೆಯಿಂದಲೇ ಸಣ್ಣ ವ್ಯಾಪಾರ ಅವರದ್ದು, ಬಿಲ್ ಪ್ರಿಂಟ್ ಆಗದಿದ್ದರೆ ಅವತ್ತಿನ ಕೆಲಸ ನಿಂತ ಹಾಗೇ. ಪ್ರಿಂಟರ್ ಬೆಳಿಗ್ಗೆಯಿಂದ ಮೌನವ್ರತ.

"ಆಫ್ ಮಾಡಿ ಆನ್ ಮಾಡಿದ್ರಾ ಚಿಕ್ಕಪ್ಪ?"

"ಲೋ, ದಿನಾ ರಾತ್ರಿ ಶಟ್‌ಡೌನ್ ಮಾಡಿಯೇ ಮಲಗೋದು ಕಣೋ ನಾನು! ಹೆಲ್ಪ್‌ಲೈನ್ ಹುಡುಗ ನಂಬಲ್ಲ, ನೀನೂ ನಂಬಲ್ವಾ?"

ಹೆಲ್ಪ್‌ಲೈನಿನವನು ದೂರದಿಂದಲೇ ಅವರ ಕಂಪ್ಯೂಟರ್ ಒಳಗೆ ಇಣುಕಿ, "ಸರ್, ನಿಮ್ಮ ಸಿಸ್ಟಮ್ 41 ದಿನದಿಂದ ಆಫೇ ಆಗಿಲ್ಲ" ಅಂದನಂತೆ. ಆಮೇಲೆ 'ಗ್ರಾಹಕರು ಸೂಚನೆ ಪಾಲಿಸಿಲ್ಲ' ಅಂತ ಬರೆದು ಟಿಕೆಟ್ ಕ್ಲೋಸ್. ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗದ ಮನುಷ್ಯನಿಗೆ ಸುಳ್ಳುಗಾರ ಅನ್ನುವ ಪಟ್ಟ.

ಹೋಗಿ ನೋಡಿದೆ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ಗೆ ಹೋಗಿ, ಸಿಪಿಯು ಒತ್ತಿದರೆ ಕೆಳಗೆ 'ಅಪ್ ಟೈಮ್' ಅಂತ ಒಂದು ಗಡಿಯಾರ ಇರುತ್ತದೆ, ಯಂತ್ರ ಹೊಸದಾಗಿ ಶುರುವಾಗಿ ಎಷ್ಟು ದಿನ, ಗಂಟೆ, ನಿಮಿಷ, ಸೆಕೆಂಡ್ ಆಯಿತು ಅಂತ ಹೇಳೋಕೆ. 41:06:12:09. ನೋಡ್ತಾ ಇದ್ದ ಹಾಗೆ 10 ಆಯಿತು, 11 ಆಯಿತು. ಚಿಕ್ಕಪ್ಪ ಕನ್ನಡಕ ಒರೆಸಿ ಮತ್ತೆ ನೋಡಿದರು. "ಹಾಗಾದ್ರೆ ರಾತ್ರಿ ನಾನು ಆಫ್ ಮಾಡ್ತಿದ್ದದ್ದು ಯಾರನ್ನ?"

ಬಹಳ ಒಳ್ಳೆಯ ಪ್ರಶ್ನೆ. 2012ರಲ್ಲಿ ವಿಂಡೋಸ್ 8 ಬಂದಾಗ ಫಾಸ್ಟ್ ಸ್ಟಾರ್ಟಪ್ ಅನ್ನುವ ಜಾಣತನವೂ ಜೊತೆಗೆ ಬಂತು. ಶಟ್‌ಡೌನ್ ಒತ್ತಿದರೆ ನೀವು ತೆರೆದಿದ್ದನ್ನೆಲ್ಲ ಮುಚ್ಚಿ ನಿಮ್ಮನ್ನು ಲಾಗ್ ಆಫ್ ಮಾಡುತ್ತದೆ, ಅದು ನಿಜ. ಆದರೆ ಒಳಗಿನ ಕರ್ನಲ್ಲು (ವಿಂಡೋಸ್‌ನ ತಿರುಳು), ಡ್ರೈವರ್‌ಗಳು ಯಾವ ಸ್ಥಿತಿಯಲ್ಲಿದ್ದವೋ ಅದನ್ನು ಹಾಗೇ ಡಿಸ್ಕಿನ ಒಂದು ಫೈಲಿಗೆ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಬೇಗ ಏಳಬೇಕಲ್ಲ, ಅದನ್ನೇ ಎತ್ತಿಕೊಂಡು ಏಳುತ್ತದೆ. ಹಟ ಹಿಡಿದಿದ್ದ ಡ್ರೈವರ್ ಅದೇ ಹಟದ ಜೊತೆ ಎದ್ದು ಕೂರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಈ ನಾಟಕ ಇಲ್ಲ, ಪೂರ್ತಿ ಮುಚ್ಚಿ ಹೊಸದಾಗಿ ತೆರೆಯುತ್ತದೆ. ಅಂದರೆ ಕಂಪ್ಯೂಟರ್ ನಿಜವಾಗಿ ಆಫ್ ಆಗಬೇಕೆಂದರೆ ಆಫ್ ಅನ್ನುವ ಗುಂಡಿ ಒತ್ತಬಾರದು.

ಇದನ್ನು ನಿಲ್ಲಿಸೋಕೆ ಆಗಲ್ವಾ ಅಂದರೆ, ಆಗುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಆಮೇಲೆ 'ಪವರ್ ಬಟನ್ ಏನು ಮಾಡಬೇಕು' ಅನ್ನುವ ಪುಟ. ಅಲ್ಲಿ ಫಾಸ್ಟ್ ಸ್ಟಾರ್ಟಪ್ ಬೂದು ಬಣ್ಣದಲ್ಲಿ ಮಂಕಾಗಿ ಕೂತಿರುತ್ತದೆ, ಮುಟ್ಟಿದರೆ ಅಲುಗಾಡುವುದಿಲ್ಲ. ಮೇಲೆ ಒಂದು ಸಾಲು ಬರೆದಿರುತ್ತದೆ: ಸದ್ಯಕ್ಕೆ ಲಭ್ಯವಿಲ್ಲದ ಸೆಟ್ಟಿಂಗ್‌ಗಳನ್ನು ಬದಲಾಯಿಸಿ. ಅದನ್ನು ಒತ್ತಿದರೆ ಲಭ್ಯವಿಲ್ಲದ್ದು ಲಭ್ಯವಾಗುತ್ತದೆ! ಇಷ್ಟು ದೂರ ನಡೆಯೋಕೆ ಆಗದವರು ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದರೂ ಪೂರ್ತಿ ಆಫ್ ಆಗುತ್ತದೆ. ಗುಂಡಿಯ ಮೇಲಂತೂ ಇದನ್ನು ಬರೆದಿಲ್ಲ.

ಮಜಾ ಏನಂದರೆ, ಯಂತ್ರ ಏನೇ ಮಾಡಿದರೂ ಕೊನೆಗೆ ತಪ್ಪು ಬಂದು ಬೀಳುವುದು ಕುರ್ಚಿಯಲ್ಲಿ ಕೂತವರ ತಲೆಗೆ. 2021ರ ಸೆಪ್ಟೆಂಬರಿನಲ್ಲಿ ವಿಂಡೋಸ್‌ಗೆ ಒಂದು ಭದ್ರತಾ ಅಪ್‌ಡೇಟ್ ಬಂತು, ಪ್ರಿಂಟರ್ ದಾರಿಯಲ್ಲಿ ಕಳ್ಳ ನುಗ್ಗಬಾರದು ಅಂತ. ಕಳ್ಳನ ಜೊತೆ ಪ್ರಿಂಟೂ ನಿಂತುಹೋಯಿತು, ನೆಟ್‌ವರ್ಕಿನಲ್ಲಿ ಪ್ರಿಂಟರ್ ಹಂಚಿಕೊಂಡಿದ್ದ ಎಷ್ಟೋ ಕಡೆ. ಪರದೆ ಮೇಲೆ ಬಂದದ್ದು 'ಸೊನ್ನೆ ಎಕ್ಸ್, ಐದು ಸೊನ್ನೆ, ಒಂದು ಒಂದು ಬಿ'. ಇದನ್ನು ಓದಿ ಮನುಷ್ಯ ಏನು ತಿಳಿದುಕೊಳ್ಳಬೇಕು?

ಇದಕ್ಕಿಂತ ಚೆಂದದ್ದು 'ನಿಮ್ಮ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಅವರನ್ನು ಸಂಪರ್ಕಿಸಿ' ಅನ್ನುವ ಸಂದೇಶ. ಚಿಕ್ಕಪ್ಪನ ವ್ಯಾಪಾರದಲ್ಲಿ ಮಾಲೀಕರು ಅವರೇ, ಗುಮಾಸ್ತರು ಅವರೇ, ಕಸ ಗುಡಿಸುವವರೂ ಅವರೇ. ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಬೇಕು ಅಂದರೆ ಕನ್ನಡಿ ಮುಂದೆ ಹೋಗಿ ನಿಲ್ಲಬೇಕು.

ಇಷ್ಟೆಲ್ಲ ಅನುಭವಿಸಿದವರಿಗೆ ಒಂದು ದಿನ ತಾನಾಗಿಯೇ ಒಂದು ಕರೆ ಬರುತ್ತದೆ. ಇಲ್ಲವೇ ಪರದೆ ತುಂಬ ಕೆಂಪು ಪೆಟ್ಟಿಗೆ ತೆರೆದುಕೊಂಡು, ವೈರಸ್ ಇದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ ಅನ್ನುತ್ತದೆ. ಫೋನ್ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಾರೆ. ಸಂಗೀತ ಇಲ್ಲ, 'ಒಂದು ಒತ್ತಿ, ಎರಡು ಒತ್ತಿ' ಇಲ್ಲ, ತಾಳ್ಮೆಯಿಂದ ಮಾತಾಡಿಸುತ್ತಾರೆ, ಗಂಟೆಗಟ್ಟಲೆ ಜೊತೆಗಿರುತ್ತಾರೆ. ಈವೆಂಟ್ ವ್ಯೂವರ್ ತೆರೆಸಿ, ನೋಡಿ ಎಷ್ಟೊಂದು ಕೆಂಪು ಗುರುತು ಅಂತ ಮರುಗುತ್ತಾರೆ. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಆ ಕೆಂಪು ಗುರುತುಗಳು ಇದ್ದೇ ಇರುತ್ತವೆ, ಅದು ಯಂತ್ರದ ದಿನಚರಿ ಅಷ್ಟೇ. ತನ್ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅದನ್ನೇ ಗುರುತು ಇಟ್ಟುಕೊಳ್ಳಬಹುದು: ಫೋನ್ ಎತ್ತುತ್ತಾರಾ, ಕಳ್ಳರು. ಎತ್ತುವುದಿಲ್ಲವಾ, ಅಸಲಿ.

ನಮ್ಮ ಮಂತ್ರದ ಬಗ್ಗೆ ಯಾರಾದರೂ ನಕ್ಕರೆ ನಾನು 2024ರ ಜುಲೈ 19 ನೆನಪಿಸುತ್ತೇನೆ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು, ವಿಮಾನಗಳು ಹಾರಲಿಲ್ಲ, ಆಸ್ಪತ್ರೆಗಳು ಪರದಾಡಿದವು. ಅವತ್ತು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ (ಅಂದರೆ ಅದರ ಕಂಪ್ಯೂಟರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವವರಿಗೆ) ಕೊಟ್ಟ ಸಲಹೆಗಳಲ್ಲಿ ಒಂದು, ರೀಸ್ಟಾರ್ಟ್ ಮಾಡಿ. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಮಾಡಿ, ಕೆಲವರಿಗೆ 15 ಸಲ ಬೇಕಾಯಿತಂತೆ. ನಾನು ಯಾರಿಗೂ ಮೂರಕ್ಕಿಂತ ಜಾಸ್ತಿ ಹೇಳಿದವನಲ್ಲ.

ಇರಲಿ, ಚಿಕ್ಕಪ್ಪನ ಕಂಪ್ಯೂಟರಿಗೆ ರೀಸ್ಟಾರ್ಟ್ ಒತ್ತಿದೆ. ಎರಡು ನಿಮಿಷ. ಪ್ರಿಂಟರ್ ಗೊರಗೊರ ಅಂತ ಗಂಟಲು ಸರಿಮಾಡಿಕೊಂಡು ಬೆಳಿಗ್ಗೆಯಿಂದ ಬಾಕಿ ಇದ್ದ ಬಿಲ್‌ಗಳನ್ನೆಲ್ಲ ಒಟ್ಟಿಗೆ ಕಾರಿತು, ಒಂದೇ ಬಿಲ್ ಏಳು ಸಲ. "ಇನ್ಮೇಲೆ ಶಟ್‌ಡೌನ್ ಬೇಡ ಚಿಕ್ಕಪ್ಪ, ರೀಸ್ಟಾರ್ಟ್ ಮಾಡಿ" ಅಂತ ಹೇಳಿ ಬಂದೆ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಮತ್ತೆ ಫೋನು.

"ಲೋ, ನೀನು ಹೇಳಿದ ಹಾಗೇ ರೀಸ್ಟಾರ್ಟ್ ಮಾಡ್ತಾ ಇದ್ದೀನಿ ಕಣೋ. ಆರು ಸಲ ಆಯ್ತು. ಪ್ರತಿ ಸಲ ತಾನಾಗೇ ಆನ್ ಆಗಿಬಿಡ್ತಿದೆ. ನನಗೆ ನಿದ್ದೆ ಬರ್ತಿದೆ, ಇದನ್ನ ಆಫ್ ಮಾಡೋದು ಹೇಗೆ?"