ಸತ್ಯಾಂಶ: ಬಯಾಲಜಿ ಓದದೆ ಡಾಕ್ಟರ್ ಆಗಬಹುದಾ?

"ಇನ್ಮೇಲೆ ಎಂಬಿಬಿಎಸ್‌ಗೆ ಬಯಾಲಜಿ ಬೇಕಿಲ್ಲ, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸೈನ್ಸ್) ಓದಿದವರೂ ನೇರವಾಗಿ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಬರೆಯಬಹುದು" ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ. ಪಿಯುಸಿ ಕಾಂಬಿನೇಶನ್ ಆರಿಸುವ ಮಕ್ಕಳಿಗೆ ಇಂಥ ಅರ್ಧ ಸತ್ಯವೇ ಜಾಸ್ತಿ ಅಪಾಯ.

ಹಿಂದೆ 11 ಮತ್ತು 12ನೇ ತರಗತಿಯಲ್ಲಿ ಎರಡು ವರ್ಷ ಬಯಾಲಜಿಯನ್ನು ಪ್ರಾಕ್ಟಿಕಲ್ ಸಮೇತ ರೆಗ್ಯುಲರ್ ಆಗಿ ಓದಿರಬೇಕಿತ್ತು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಸಡಿಲಿಸಿತು. 12ನೇ ತರಗತಿ ಮುಗಿದ ಮೇಲೂ ಮಾನ್ಯತೆ ಪಡೆದ ಬೋರ್ಡ್‌ನಲ್ಲಿ ಬಯಾಲಜಿ ಅಥವಾ ಬಯೋಟೆಕ್ನಾಲಜಿಯನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡು ಪಾಸಾದರೆ ನೀಟ್ ಬರೆಯಬಹುದು. ಅಂದರೆ ವಿಷಯ ಬೇಕೇ ಬೇಕು, ಓದುವ ದಾರಿ ಮಾತ್ರ ಬದಲಾಗಿದೆ.

ಫಿಸಿಕ್ಸ್, ಕೆಮಿಸ್ಟ್ರಿ, ಇಂಗ್ಲಿಷ್ ಕೂಡ ಪಾಸಾಗಿರಬೇಕು. ಗಣಿತ ಕಡ್ಡಾಯವಲ್ಲ.

ಇನ್ನೊಂದು ಮಾತು. ನೀಟ್‌ನ 720 ಅಂಕಗಳಲ್ಲಿ 360 ಬಯಾಲಜಿಯದ್ದೇ. ಅದನ್ನು ಬಿಟ್ಟು ಸೀಟು ಸಿಗೋದು ಹೇಗೆ, ಅಲ್ವಾ? ಡಾಕ್ಟರ್ ಆಗುವ ಆಸೆ ಸ್ವಲ್ಪ ಇದ್ದರೂ ಮೊದಲೇ ಪಿಸಿಎಂಬಿ (ಕಂಪ್ಯೂಟರ್ ಸೈನ್ಸ್ ಬದಲು ಬಯಾಲಜಿ ಇರುವ ಕಾಂಬಿನೇಶನ್) ತೆಗೆದುಕೊಳ್ಳುವುದು ಒಳ್ಳೆಯದು. ಈಗಾಗಲೇ ಪಿಸಿಎಂಸಿ ಮುಗಿಸಿದ್ದರೆ ಬೋರ್ಡ್‌ನಲ್ಲಿ ವಿಚಾರಿಸಿ.