ಒಂದೇ ಒಂದು ಎಕೋ ಸಾಕು ಸ್ವಾಮಿ

ರಾಕಬಿಲಿ ಅಂದರೆ 1950ರ ದಶಕದ ಅಮೆರಿಕದ ರಾಕ್ ಸಂಗೀತದ ಒಂದು ಬಗೆ. ಅದರ ಗಿಟಾರಿಗೆ ಎಕೋ ಬೇಕೇ ಬೇಕು. ಆದರೆ ಒಂದೇ ಒಂದು. ತಂತಿ ಮೀಟಿದ್ದೇ ತಡ, ಸೆಕೆಂಡಿನ ಎಂಟನೇ ಒಂದು ಭಾಗ ಬಿಟ್ಟು ಅದೇ ಸ್ವರ ಇನ್ನೊಂದು ಸಲ ‘ಟಕ್’ ಅಂತ ಬಂದು ಮಾಯವಾಗಬೇಕು. ಸ್ಲ್ಯಾಪ್‌ಬ್ಯಾಕ್ ಅಂತಾರೆ ಇದಕ್ಕೆ. ಇಷ್ಟು ಸಣ್ಣ ಆಸೆ ಇಟ್ಟುಕೊಂಡವರಿಗೆ ಗಿಟಾರಿನ ಸದ್ದು ಬದಲಿಸುವ ಪೆಡಲ್‌ಗಳ ಅಂಗಡಿಯಲ್ಲಿ ಮರ್ಯಾದೆ ಇಲ್ಲ.

ನಾನು ಹೋದ ಅಂಗಡಿಯ ಹುಡುಗ ಅತಿ ದುಬಾರಿ ಡಿಲೇ (ಎಕೋ) ಪೆಡಲನ್ನೇ ಮೊದಲು ತೆಗೆದ. ನಾನು ಒಂದು ಸ್ವರ ಬಾರಿಸಿದೆ. ಅದು ಗೋಲಗುಂಬಜಿನಲ್ಲಿ ಕೂಗಿದ ಹಾಗೆ ಏಳು ಸಲ ವಾಪಸ್ ಬಂತು.

“ಸರ್, ಇದರಲ್ಲಿ ರಿವರ್ಸ್ ಇದೆ, ಲೂಪರ್ ಇದೆ, ಮೊಬೈಲಿನಿಂದಲೂ ಕಂಟ್ರೋಲ್ ಮಾಡಬಹುದು.”

“ನನಗೆ 120 ಮಿಲಿಸೆಕೆಂಡ್ ಸಾಕಪ್ಪ. ರಿಪೀಟ್ ಒಂದೇ.”

“ಒಂದೇನಾ ಸರ್?” ಅಂದ. ಪಾಪ, ಇವರ ಮನೇಲಿ ಏನೋ ಕಷ್ಟ ಇರಬೇಕು ಅನ್ನೋ ಮುಖ ಮಾಡಿಕೊಂಡು ಕೆಳಗಿನ ಶೆಲ್ಫಿಗೆ ಬಗ್ಗಿದ.

ಈ ಸದ್ದು ಹೆಸರು ಮಾಡಿದ ಜಾಗದಲ್ಲಿ ಆಯ್ಕೆ ಅನ್ನೋ ತಲೆನೋವೇ ಇರಲಿಲ್ಲ. ಅಮೆರಿಕದ ಮೆಂಫಿಸ್ ಊರಿನ 706, ಯೂನಿಯನ್ ಅವೆನ್ಯೂ. 1950ರಲ್ಲಿ ಸ್ಯಾಮ್ ಫಿಲಿಪ್ಸ್ ಅಲ್ಲೊಂದು ಪುಟ್ಟ ಸ್ಟುಡಿಯೋ ತೆರೆದ. ಎಕೋಗೆ ಅಂತಲೇ ಎರಡನೇ ಆಂಪೆಕ್ಸ್ ಟೇಪ್ ಮಷೀನು ಇಟ್ಟುಕೊಂಡ. ಅದರ ಒಂದು ಹೆಡ್ ಸದ್ದನ್ನು ಟೇಪಿಗೆ ಬರೆಯುತ್ತೆ, ಪಕ್ಕದ ಹೆಡ್ ಅದನ್ನು ಓದುತ್ತೆ. ಟೇಪು ಅಲ್ಲಿಂದ ಇಲ್ಲಿಗೆ ಓಡಿ ಬರುವಷ್ಟು ಹೊತ್ತು ತಡ, ಅಷ್ಟೇ ಎಕೋ. ಸೆಕೆಂಡಿಗೆ 15 ಇಂಚು ವೇಗ, ನಡುವೆ 2 ಇಂಚು ಅಂತರ ಇದ್ದರೆ 133 ಮಿಲಿಸೆಕೆಂಡ್. ಮಷೀನು ಮಾಡಿದವನು ಹೆಡ್‌ಗಳನ್ನು ಎಲ್ಲಿ ಕೂರಿಸಿದನೋ, ರಾಕಬಿಲಿಯ ಎಕೋ ಅಲ್ಲೇ ಕೂತಿತು!

ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ 1954ರಲ್ಲಿ ಮಾರಾಟಕ್ಕೆ ಬಂದ ತನ್ನ ಮೊದಲ ರೆಕಾರ್ಡು ಮಾಡಿದ್ದು ಇಲ್ಲೇ. ಅವನ ಗಿಟಾರಿಸ್ಟ್ ಸ್ಕಾಟಿ ಮೂರ್‌ಗೆ ಸ್ಟೇಜಿನ ಮೇಲೂ ಅದೇ ಸದ್ದು ಬೇಕಾಯಿತು. ಇಲಿನಾಯ್ ರಾಜ್ಯದ ಕೈರೋ ಊರಿನ ರೇ ಬಟ್ಸ್ ಎಂಬಾತ ಆಂಪ್ಲಿಫೈಯರ್ ಹೊಟ್ಟೆಯೊಳಗೇ ಟೇಪ್ ಎಕೋ ಸೇರಿಸಿ ಎಕೋಸಾನಿಕ್ ಅಂತ ಮಾಡಿ ಮಾರುತ್ತಿದ್ದ. ಸ್ಕಾಟಿ 1955ರಲ್ಲಿ ಒಂದನ್ನು ಕೊಂಡ. ಅದೇ ವರ್ಷದ ಕೊನೆಗೆ ಎಲ್ವಿಸ್‌ನನ್ನು ಸೆಳೆದುಕೊಂಡ ಆರ್‌ಸಿಎ ರೆಕಾರ್ಡ್ ಕಂಪನಿಗೆ ಆ ಮೆಂಫಿಸ್ ಎಕೋ ಸಿಗಲೇ ಇಲ್ಲ. ಕೊನೆಗೆ ನ್ಯಾಶ್‌ವಿಲ್‌ನಲ್ಲಿ ಉದ್ದನೆಯ ಹಜಾರದ ಒಂದು ತುದಿಗೆ ಸ್ಪೀಕರು, ಇನ್ನೊಂದು ತುದಿಗೆ ಮೈಕು ಇಟ್ಟು ಹೇಗೋ ಸುಧಾರಿಸಿದರು. ಅಷ್ಟು ದೊಡ್ಡ ಕಂಪನಿಗೇ ಆ ಗತಿ!

ನಾನು ಕೊನೆಗೆ ತಂದಿದ್ದು ಸಾದಾ ಅನಲಾಗ್ ಪೆಡಲ್. ಸಾಮಾನ್ಯ ಡಿಜಿಟಲ್ ಪೆಡಲ್ ಸ್ವರವನ್ನು ಇದ್ದ ಹಾಗೇ ನಕಲು ಮಾಡುತ್ತೆ, ಕಿವಿಗೆ ಚುಚ್ಚುತ್ತೆ. ಟೇಪಿನ ಎಕೋ ಸ್ವಲ್ಪ ಮಂಕು. ಅನಲಾಗ್ ಚಿಪ್ಪೂ ಹಾಗೇ ಸ್ವರದ ಚೂಪು ತೆಗೆದು ವಾಪಸ್ ಕೊಡುತ್ತೆ. ಆ ಮಂಕೇ ಇದರ ರುಚಿ. ಎಕೋ ಒಂದೇ ಸಲ ಬರಲಿ ಅಂತ ರಿಪೀಟ್ ನಾಬು ಸೊನ್ನೆಗೆ, ಎಕೋ ಎಷ್ಟು ಜೋರು ಅಂತ ಹೇಳುವ ಮಿಕ್ಸ್ ಅರ್ಧಕ್ಕಿಂತ ಕಡಿಮೆ. ಮುಗೀತು.

ಮನೆಯಲ್ಲಿ ಮುಗಿಯಲಿಲ್ಲ. ನಾನು ಬಾರಿಸಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಅಮ್ಮ ರೂಮಿನಿಂದ ಬಂದರು. “ಲೋ, ನನ್ನ ಕಿವಿ ಮಷೀನು ಕೆಟ್ಟಿದೆ ಕಣೋ. ಎಲ್ಲಾ ಎರಡೆರಡು ಸಲ ಕೇಳಿಸ್ತಿದೆ.” ಎಷ್ಟು ಹೇಳಿದರೂ ನಂಬಲಿಲ್ಲ, ಹೊಸ ಸೆಲ್ ಹಾಕಿಸಿಕೊಂಡ ಮೇಲೇ ಸಮಾಧಾನ.

ಆಮೇಲೆ ರಜೆಗೆ ಅಕ್ಕನ ಮಗ ಬಂದ. ಪೆಡಲಿನ ಅಡಾಪ್ಟರ್ ಸಿಗಲಿಲ್ಲವಂತೆ, ವೈಫೈ ರೂಟರಿನದ್ದು ಕಿತ್ತು ಚುಚ್ಚಿದ. “ಪಿನ್ ಕರೆಕ್ಟಾಗಿ ಕೂತಿದೆ ಮಾಮ!” ಪಿನ್ ಕೂತಿತ್ತು, ನಿಜ. ಪೆಡಲಿಗೆ ಬೇಕಾದ್ದು 9 ವೋಲ್ಟ್, ಪಿನ್ನಿನ ನಡುವೆ ನೆಗೆಟಿವ್. ರೂಟರಿನದ್ದು 12 ವೋಲ್ಟ್, ನಡುವೆ ಪಾಸಿಟಿವ್. ಸುಟ್ಟ ವಾಸನೆ ಬಂತು. ಎಕೋ ಸತ್ತಿತು, ಇಂಟರ್‌ನೆಟ್ಟೂ ಇಲ್ಲ. ಹುಡುಗ ಅತ್ತಿದ್ದು ಇಂಟರ್‌ನೆಟ್ಟಿಗೆ. ಬೆಂಗಳೂರಿನ ಎಸ್‌.ಪಿ. ರೋಡಿನ ರಿಪೇರಿಯವರು ಬಿಚ್ಚಿ ನೋಡಿ, “ಒಳಗೆ ಡಯೋಡ್ ಅಡ್ಡ ನಿಂತು ಪ್ರಾಣ ಬಿಟ್ಟಿದೆ ಸರ್, ಮಿಕ್ಕಿದ್ದೆಲ್ಲಾ ಬಚಾವು” ಅಂದರು. ಡಯೋಡಿನ ಬೆಲೆ ಒಂದು ಕಾಫಿಗಿಂತ ಕಡಿಮೆ.

ಗಣೇಶನ ಹಬ್ಬಕ್ಕೆ ಅಪಾರ್ಟ್‌ಮೆಂಟಿನಲ್ಲಿ ಒಂದು ಹಾಡು ಬಾರಿಸಲು ಅವಕಾಶ ಸಿಕ್ಕಿತು. ನಾಬುಗಳ ಪಕ್ಕ ಮಾರ್ಕರಿನಲ್ಲಿ ಗೀಟು ಎಳೆದುಕೊಂಡು ಹೋಗಿದ್ದೆ, ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಅಂತ. ಮೊದಲ ಸ್ವರ ಬಾರಿಸಿದೆ. ಟಕ್, ಟಕ್, ಟಕ್ ಟಕ್ ಟಕ್ ಟಕ್... ನಿಲ್ಲುತ್ತಲೇ ಇಲ್ಲ! ತಿರುಗಿ ನೋಡಿದರೆ ಪೆಂಡಾಲಿನ ಮೂಲೆಯಿಂದ ಸೌಂಡಿನವನು ಹೆಬ್ಬೆರಳು ಎತ್ತಿ ನಗುತ್ತಿದ್ದಾನೆ. ‘ಹಲೋ ಮೈಕ್ ಟೆಸ್ಟಿಂಗ್’ಗೆ ಹಾಕಿದ್ದ ಎಕೋವನ್ನೇ ನನ್ನ ಗಿಟಾರಿಗೂ ಧಾರೆ ಎರೆದಿದ್ದ.

ಜನ ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿದರು. ಇಳಿದು ಬರುವಾಗ ಅವನೇ ಎದುರಿಗೆ ಬಂದು ಕೈ ಕುಲುಕಿದ.

“ಸರ್, ನಿಮ್ಮದರಲ್ಲಿ ಎಕೋ ತೀರಾ ಕಮ್ಮಿ ಇತ್ತು, ನಾನೇ ಸ್ವಲ್ಪ ಅಡ್ಜಸ್ಟ್ ಮಾಡಿದೆ. ಮುಂದಿನ ವರ್ಷ ಇನ್ನೂ ಜಾಸ್ತಿ ಹಾಕೋಣ.”