ಮೂರಕ್ಷರ ಬರೀರಿ ಡಾಕ್ಟ್ರೇ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಅಣ್ಣನ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. 19 ವರ್ಷದ ಹುಡುಗಿ. ಮೂರು ತಿಂಗಳಿಂದ ಸುಸ್ತು, ಮುಖ ಊದಿಕೊಂಡಿದೆ, ಮುಟ್ಟಾದರೆ ಹತ್ತು ದಿನವಾದರೂ ನಿಲ್ಲಲ್ಲ. ಎರಡು ಗಂಟೆ ಕಾದು ಒಳಗೆ ಹೋದರೆ ಸಿಕ್ಕಿದ್ದು ಎರಡು ನಿಮಿಷ. ಪುಣ್ಯಾತ್ಮರು ಚೀಟಿಯಿಂದ ತಲೆಯನ್ನೇ ಎತ್ತಲಿಲ್ಲ. "ಪರೀಕ್ಷಾ ಟೆನ್ಶನ್ ಅದ. ಮದುವಿ ಆದ್ರ ಎಲ್ಲಾ ಸರಿ ಆಗ್ತದ ಬಿಡ್ರಿ."

ಮದುವೆಯಂತೆ! ನನಗೆ ಮದುವೆಯಾಗಿ 22 ವರ್ಷ. ನನ್ನ ಥೈರಾಯ್ಡ್‌ಗೆ ಯಾರೂ ಲಗ್ನಪತ್ರಿಕೆ ಕೊಟ್ಟಿಲ್ಲ ಅಂತ ಕಾಣುತ್ತದೆ.

ನನ್ನ ಕತೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನನಗೆ ಥೈರಾಯ್ಡ್ ಕೈಕೊಟ್ಟ ವರ್ಷ ಮೇ ತಿಂಗಳಲ್ಲಿ ಕಲಬುರಗಿಗೆ ಕಲಬುರಗಿಯೇ ಕೂಲರ್ ಮುಂದೆ ಕೂತಿದ್ದರೆ, ನಾನು ಅವ್ವನ ಕೌದಿ ಹೊದ್ದು ನಡುಗುತ್ತಿದ್ದೆ. ಬಚ್ಚಲ ಜಾಲಿಯಲ್ಲಿ ದಿನಾ ಹಿಡಿಯಷ್ಟು ಕೂದಲು. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ತೋಳು ಸೋತುಹೋಗುತ್ತಿತ್ತು. ದನಿ ಎಷ್ಟು ಒಡೆದಿತ್ತೆಂದರೆ ಫೋನಿನಲ್ಲಿ ಬ್ಯಾಂಕಿನವರು ನನ್ನನ್ನು "ಸಾರ್" ಎನ್ನುತ್ತಿದ್ದರು.

ಒಬ್ಬರು ಸಲಾಯಿನ್ ಹಚ್ಚಿದರು. ಇನ್ನೊಬ್ಬರು ಕಬ್ಬಿಣದ ಗುಳಿಗೆ ಕೊಟ್ಟರು. ಮೂರನೆಯವರು "ಜರಾ ತೂಕ ಇಳಸ್ರಿ" ಎಂದರು. ನಾನು ತಿನ್ನುತ್ತಿದ್ದದ್ದೇ ಒಂದೂವರೆ ರೊಟ್ಟಿ! ಎರಡು ವರ್ಷವಾದ ಮೇಲೆ ಒಬ್ಬ ಲೇಡಿ ಡಾಕ್ಟರು ಕುತ್ತಿಗೆ ಮೇಲೆ ಬೆರಳಿಟ್ಟು "ಉಗುಳು ನುಂಗ್ರಿ" ಎಂದರು. ನುಂಗಿದೆ. ಟಿಎಸ್‌ಎಚ್ ಅನ್ನೋ ರಕ್ತ ಪರೀಕ್ಷೆ ಬರೆದರು. 4ರ ಆಸುಪಾಸಿನ ಒಳಗೆ ಇರಬೇಕಾದದ್ದು 38 ಇತ್ತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ಮಾಡದಿದ್ದರೆ ಮೆದುಳಿನ ಬುಡದಿಂದ ಅದನ್ನು ಎಬ್ಬಿಸಲು ಕೂಗು ಹೋಗುತ್ತದಂತೆ. ಆ ಕೂಗೇ ಟಿಎಸ್‌ಎಚ್. ಎರಡು ವರ್ಷ ಕೂಗಿದರೂ ಯಾರಿಗೂ ಕೇಳಿರಲಿಲ್ಲ.

ನನ್ನದು ಹಾಶಿಮೋಟೊ, ಅಂದರೆ ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ. ಆ ಹೆಸರಿನ ಜಪಾನಿನ ಡಾಕ್ಟರು ನಾಲ್ಕು ಜನ ಹೆಂಗಸರ ಥೈರಾಯ್ಡ್ ಪರೀಕ್ಷಿಸಿ 1912ರಲ್ಲೇ ಬರೆದಿಟ್ಟಿದ್ದಾರೆ. ನಮ್ಮೂರಿಗೆ ಇನ್ನೂ ಟಪಾಲು ಬಂದಿಲ್ಲ.

ಥೈರಾಯ್ಡ್ ಗುಳಿಗೆ ಬರೆದುಕೊಟ್ಟವರೂ ಖಾಲಿ ಹೊಟ್ಟೆಗೆ ತಗೋಬೇಕು ಅಂತ ಹೇಳಲಿಲ್ಲ. ತಿಂಗಳುಗಟ್ಟಲೆ ಚಹಾ ಜೊತೆ, ಅದೇ ಕಬ್ಬಿಣದ ಗುಳಿಗೆ ಜೊತೆ ನುಂಗಿದೆ. ಎರಡು ಗುಳಿಗೆ ನಡುವೆ ನಾಲ್ಕು ತಾಸು ಬಿಡಬೇಕೆಂದು ಹೇಳಿದ್ದು ಮೆಡಿಕಲ್ ಅಂಗಡಿ ಹುಡುಗ.

ಡಾಕ್ಟರ್ ಗೆಳೆಯರು ಈಗ ಜಗಳಕ್ಕೆ ಬರುತ್ತೀರಿ, ಗೊತ್ತು. ದಿನಕ್ಕೆ ನೂರು ಪೇಷಂಟು, ಸುಸ್ತಿಗೆ ನೂರು ಕಾರಣ, ಟೆಸ್ಟ್ ಬರೆದರೆ ಕಮಿಷನ್ ಅಂತ ಬೈಯುವವರೂ ನಾವೇ. ಖರೆ. ಆದರೆ ಮದುವೆಯ ಉಪದೇಶ ಮಾಡುವಷ್ಟು ಹೊತ್ತಿನಲ್ಲಿ ಟಿಎಸ್‌ಎಚ್ ಅಂತ ಮೂರಕ್ಷರ ಬರೆಯಬಹುದಿತ್ತು ಅಲ್ವಾ? ಗಂಡಸು ಸುಸ್ತು ಎಂದರೆ ಇಸಿಜಿ, ಹೆಂಗಸು ಸುಸ್ತು ಎಂದರೆ ಟೆನ್ಶನ್. ಈ ಕಾಯಿಲೆ ಬರುವುದೇ ಹೆಂಗಸರಿಗೆ ಜಾಸ್ತಿ, ಮಾರಾಯ್ರೇ.

ಇಷ್ಟು ಬರೆದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಯುಗಾದಿಗೆ ಈ ಹುಡುಗಿ ಬಂದಾಗ ಮಧ್ಯಾಹ್ನವೆಲ್ಲ ಮಲಗಿದ್ದಳು. "ರಾತ್ರಿಯೆಲ್ಲಾ ಮೊಬೈಲ್ ನೋಡಿದ್ರ ಇನ್ನೇನ ಆಗ್ತದ" ಎಂದು ಬೈದವಳು ನಾನೇ. ಎರಡು ವರ್ಷ ಅನುಭವಿಸಿದ ನಾನೇ! ಅವಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಚೀಟಿ ಇಲ್ಲದೆಯೇ ಸೂಪರ್ ಮಾರ್ಕೆಟ್ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದಿದ್ದೇವೆ. ರಿಪೋರ್ಟ್ ಸಂಜೆಗೆ. "ಅತ್ತಿ, ಕೂಲರ್ ಬಂದ್ ಮಾಡ್ಲಾ?" ಎಂದು ಕೇಳಿದಳು. ಮಾಡಿದೆ. ನಾನು ಬೆವರು ಒರೆಸಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ. ಅವಳು ಅವ್ವನ ಕೌದಿ ಹೊದ್ದು ಮಲಗಿದ್ದಾಳೆ.